ಅಮೆರಿಕದವರ ರಾಜಕೀಯ ಮನೋಭಾವ ಉಳಿದ ದೇಶಗಳಿಗಿಂತ ಎಲ್ಲಿ ಬೇರೆ? ಪಿಯು ಚರ್ಚಾಸ್ಪರ್ಧೆಗೆ ಖಚಿತ ಮಾಹಿತಿ ಬೇಕು

ಪ್ರಶ್ನೆ: ಕುಶಾಲನಗರ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ರಾಜ್ಯಶಾಸ್ತ್ರದ ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಬೇಕಿದೆ. ವಿಷಯ, "ಅಮೆರಿಕದ ರಾಜಕೀಯ ಮೌಲ್ಯಗಳು ಬೇರೆ ಪ್ರಜಾಪ್ರಭುತ್ವಗಳಿಗೆ ಮಾದರಿಯಾಗಬಲ್ಲವೇ?" ಮಕ್ಕಳು ಬರೆದು ತಂದ ಟಿಪ್ಪಣಿಗಳೆಲ್ಲ ಒಂದೇ ಥರ: ಅಲ್ಲಿ ಸ್ವಾತಂತ್ರ್ಯ ಜಾಸ್ತಿ, ಬಂದೂಕು ಜಾಸ್ತಿ, ದುಡ್ಡು ಜಾಸ್ತಿ. ಇಷ್ಟನ್ನೇ ಹಿಡಿದುಕೊಂಡು ವೇದಿಕೆ ಹತ್ತಿದರೆ ಎದುರು ತಂಡದ ಮೊದಲ ಪ್ರಶ್ನೆಗೇ ಕೂರಬೇಕಾಗುತ್ತದೆ.

ಸಿಕ್ಕಿಹಾಕಿಕೊಂಡಿರುವ ಜಾಗಗಳು ಇವು. ಕೋವಿಯ ಮಾತು ಬಂದ ಕೂಡಲೇ ಮಕ್ಕಳು "ನಮ್ಮ ಕೊಡಗಲ್ಲೂ ಲೈಸೆನ್ಸ್ ಬೇಡವಲ್ಲ, ನಾವೂ ಅಮೆರಿಕದ ಹಾಗೇ" ಅನ್ನುತ್ತಾರೆ. ಇದು ಎಷ್ಟು ಸರಿ? ಅಲ್ಲಿ ಪೊಲೀಸ್ ಮುಖ್ಯಸ್ಥರನ್ನೂ ನ್ಯಾಯಾಧೀಶರನ್ನೂ ಜನ ಓಟು ಹಾಕಿ ಆರಿಸುತ್ತಾರಂತೆ. ಅದು ನಡೆಯುವುದು ಹೇಗೆ, ಕೆಡುವುದು ಎಲ್ಲಿ? ಅಷ್ಟು ಶ್ರೀಮಂತ ದೇಶದಲ್ಲಿ ಎಲ್ಲರಿಗೂ ಸರ್ಕಾರಿ ಆರೋಗ್ಯ ವ್ಯವಸ್ಥೆ ಏಕಿಲ್ಲ? ಜೊತೆಗೆ, ಧರ್ಮ ಮತ್ತು ಸರ್ಕಾರದ ನಡುವೆ ಗೋಡೆ ಇದೆ ಅನ್ನುತ್ತಾರೆ, ಆದರೆ ಅಧ್ಯಕ್ಷರು ಮಾತು ಮುಗಿಸುವುದೇ ದೇವರ ಹೆಸರಿನಲ್ಲಿ. ಇಸವಿ, ತೀರ್ಪು, ಅಂಕಿ ಸಮೇತ ಹೇಳಿದರೆ ಬಹಳ ಉಪಕಾರ.

ಉತ್ತರ: ವಿರಾಜಪೇಟೆ ವಕೀಲ

ಮೇಡಂ, ಕೋವಿಯಿಂದಲೇ ಶುರು ಮಾಡುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದಿಲ್ಲ. ಆದರೆ ಅವರ ವಾದ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ನಮ್ಮಲ್ಲಿರುವುದು ವಿನಾಯಿತಿ. 1861ರಲ್ಲಿ ಬ್ರಿಟಿಷರು ಉಳಿದ ಕಡೆ ಆಯುಧ ಕಿತ್ತುಕೊಳ್ಳುವಾಗ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ 1959ರ ಆಯುಧ ಕಾಯ್ದೆಯ 41ನೇ ಕಲಂ ಕೊಟ್ಟಿರುವ ಅಧಿಕಾರ ಬಳಸಿ ಕೇಂದ್ರ ಸರ್ಕಾರ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅಧಿಸೂಚನೆಯ ಮೂಲಕ ಅದನ್ನು ಮುಂದುವರಿಸಿಕೊಂಡು ಬಂದಿದೆ. ಈಗ ಚಾಲ್ತಿಯಲ್ಲಿರುವುದು 2019ರ ಅಕ್ಟೋಬರಿನದು, 2029ರವರೆಗೆ. ಇದನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಅಂದರೆ ಕೊಡುವವರು ಸರ್ಕಾರ, ಅದಕ್ಕೆ ಅವಧಿ ಇದೆ, ಸಿಗುವುದು ಒಂದು ಜನಾಂಗಕ್ಕೆ ಮತ್ತು ಒಂದು ಬಗೆಯ ಭೂಮಿ ಹಿಡಿದವರಿಗೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುವುದು, ಪುತ್ತರಿ ಹಬ್ಬಕ್ಕೆ ಗುಂಡು ಹಾರುವುದು ಸಂಪ್ರದಾಯದ ಬಲದಿಂದ; ಆ ಕೋವಿ ಮನೆಯಲ್ಲಿ ಕಾನೂನುಬದ್ಧವಾಗಿ ಇರುವುದು ಅಧಿಸೂಚನೆಯ ಬಲದಿಂದ. ದೇಶದ ಉಳಿದವರು ಪರವಾನಗಿ ಪ್ರಾಧಿಕಾರದ ಮುಂದೆ ತನಗೆ ಆಯುಧ ಏಕೆ ಬೇಕು ಎಂದು ವಿವರಿಸಿ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಹೆಚ್ಚೆಂದರೆ 2 ಆಯುಧ. ಇನ್ನೊಂದು ಮಾತು ಮಕ್ಕಳಿಗೆ ತಪ್ಪದೆ ತೋರಿಸಿ: ನಮ್ಮ ಸಂವಿಧಾನದ 19ನೇ ವಿಧಿ ಸಭೆ ಸೇರುವ ಹಕ್ಕನ್ನು ಕೊಡುವಾಗಲೇ "ಶಾಂತಿಯುತವಾಗಿ, ಆಯುಧಗಳಿಲ್ಲದೆ" ಎಂದು ಬರೆದಿದೆ.

ಅಮೆರಿಕದಲ್ಲಿ 1791ರ ಎರಡನೇ ತಿದ್ದುಪಡಿ ಆಯುಧ ಹೊಂದುವ ಹಕ್ಕನ್ನು ಸಂವಿಧಾನದೊಳಗೇ ಇಟ್ಟಿತು. ಅದು ನಾಗರಿಕ ಸೇನೆಗೆ ಸೇರಿದ ಹಕ್ಕೋ ವ್ಯಕ್ತಿಯ ಹಕ್ಕೋ ಎಂಬ ಜಗಳ ಬಹಳ ಕಾಲ ನಡೆದು, 2008ರ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ವ್ಯಕ್ತಿಯ ಹಕ್ಕು ಎಂದಿತು. 2022ರ ಬ್ರೂಯೆನ್ ತೀರ್ಪು ಇನ್ನೂ ಮುಂದೆ ಹೋಯಿತು: ಹೊರಗೆ ಪಿಸ್ತೂಲು ಒಯ್ಯಲು "ವಿಶೇಷ ಕಾರಣ ತೋರಿಸು" ಎನ್ನುತ್ತಿದ್ದ ನ್ಯೂಯಾರ್ಕ್ ಕಾನೂನನ್ನು ರದ್ದು ಮಾಡಿತು. ಅಲ್ಲಿ ಕಾರಣ ಕೊಡಬೇಕಾದವನು ನಾಗರಿಕನಲ್ಲ. ತಡೆಯಲು ಹೊರಟ ಸರ್ಕಾರ ಕೊಡಬೇಕು.

ಹಾಗೆಂದು ಅಂಗಡಿಗೆ ಹೋಗಿ ಸೋಪು ಕೊಂಡ ಹಾಗೆ ಕೊಳ್ಳುತ್ತಾರೆ ಎಂದು ಹೇಳಿಸಬೇಡಿ. ಪರವಾನಗಿ ಇರುವ ವ್ಯಾಪಾರಿಯಿಂದ ಕೊಳ್ಳುವಾಗ 4473 ಎಂಬ ನಮೂನೆ ತುಂಬಬೇಕು, 1998ರಿಂದ ಎಫ್‌ಬಿಐ ನಡೆಸುವ ತಪಾಸಣಾ ವ್ಯವಸ್ಥೆಯಲ್ಲಿ ಹೆಸರು ಪರೀಕ್ಷೆಗೆ ಹೋಗಬೇಕು. ತೂತು ಇರುವುದು ಬೇರೆ ಕಡೆ: ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನದೇ ರಾಜ್ಯದ ಇನ್ನೊಬ್ಬನಿಗೆ ಮಾರಿದರೆ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನಲ್ಲಿ ಈ ತಪಾಸಣೆ ಕಡ್ಡಾಯವಿಲ್ಲ. ಕೆಲವು ರಾಜ್ಯಗಳು ತಾವೇ ಕಡ್ಡಾಯ ಮಾಡಿವೆ, ಹಲವು ಮಾಡಿಲ್ಲ. ಬ್ರಿಟನ್ 1996ರ ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ಮರುವರ್ಷ ಕೈಬಂದೂಕುಗಳನ್ನು ಬಹುತೇಕ ನಿಷೇಧಿಸಿತು. ಆಸ್ಟ್ರೇಲಿಯಾ ಅದೇ 1996ರಲ್ಲಿ ಪೋರ್ಟ್ ಆರ್ಥರ್ ಘಟನೆಯ ನಂತರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ವಾಪಸ್ ಪಡೆಯಿತು. ಅಮೆರಿಕದ ಸಂಸತ್ತು ಅಂಥ ಕಾನೂನು ಮಾಡಿದರೂ ಅದು ಕೋರ್ಟಿನಲ್ಲಿ ಉಳಿಯುವುದು ಕಷ್ಟ, ಏಕೆಂದರೆ ಬಹುಮತಕ್ಕಿಂತ ಮೇಲೆ ಸಂವಿಧಾನದ ಹಕ್ಕು ಕುಳಿತಿದೆ.

ಮಾತಿನ ಸ್ವಾತಂತ್ರ್ಯದಲ್ಲೂ ಇದೇ ರಚನೆ. ನಮ್ಮ 19(1)(ಎ) ಹಕ್ಕು ಕೊಡುತ್ತದೆ, 19(2) ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ ಮುಂತಾದ ಕಾರಣಗಳಿಗೆ ಮಿತಿ ಹಾಕಲು ಬಿಡುತ್ತದೆ. ಅವರ ಮೊದಲ ತಿದ್ದುಪಡಿ ಸಂಸತ್ತಿಗೇ "ಅಂಥ ಕಾನೂನು ಮಾಡಬೇಡ" ಎನ್ನುತ್ತದೆ, ಮಿತಿಗಳ ಪಟ್ಟಿಯನ್ನೇ ಕೊಡುವುದಿಲ್ಲ. 1969ರ ಬ್ರ್ಯಾಂಡೆನ್‌ಬರ್ಗ್ ತೀರ್ಪಿನ ಪ್ರಕಾರ ದ್ವೇಷದ ಭಾಷಣಕ್ಕೂ ರಕ್ಷಣೆ ಇದೆ. ಆ ಕ್ಷಣದಲ್ಲೇ ಕಾನೂನು ಮುರಿಯುವಂತೆ ಪ್ರಚೋದಿಸಿ, ಹಾಗೆ ನಡೆಯುವ ಸಂಭವವೂ ಇದ್ದರೆ ಮಾತ್ರ ಶಿಕ್ಷೆ. ಸ್ವಂತ ಧ್ವಜ ಸುಡುವುದೂ 1989ರ ಟೆಕ್ಸಾಸ್ ವಿರುದ್ಧ ಜಾನ್ಸನ್ ತೀರ್ಪಿನಂತೆ ಅಭಿವ್ಯಕ್ತಿ. ನಮ್ಮಲ್ಲಿ 1971ರ ಕಾಯ್ದೆಯಡಿ 3 ವರ್ಷದವರೆಗೆ ಸೆರೆ. ಜರ್ಮನಿ ನಾಜಿ ಚಿಹ್ನೆ ತೋರಿಸುವುದನ್ನೂ ಯಹೂದಿ ಹತ್ಯಾಕಾಂಡ ನಡೆದೇ ಇಲ್ಲ ಎನ್ನುವುದನ್ನೂ ಅಪರಾಧ ಮಾಡಿದೆ. ಆ ದೇಶ ತನ್ನ ಇತಿಹಾಸದಿಂದ ಕಲಿತ ಪಾಠ ಅದು, ಅದನ್ನು ಸ್ವಾತಂತ್ರ್ಯದ ಕೊರತೆ ಎಂದು ಅಳೆಯುವುದು ನನಗೆ ಸರಿಕಾಣುವುದಿಲ್ಲ.

ಒಂದು ಕಡೆ ಭಾರತ, ಅಮೆರಿಕ ಎರಡೂ ಒಂದೇ ತೀರ್ಮಾನಕ್ಕೆ ಬಂದಿವೆ, ಇದನ್ನು ಮಕ್ಕಳು ಹೇಳಿದರೆ ತೀರ್ಪುಗಾರರು ತಲೆ ಎತ್ತಿ ನೋಡುತ್ತಾರೆ. ಯೆಹೋವನ ಸಾಕ್ಷಿಗಳ ಪಂಗಡದ ಮಕ್ಕಳು ಧ್ವಜವಂದನೆ ಮಾಡದಿದ್ದಕ್ಕೆ ಶಾಲೆಯಿಂದ ಹೊರಹಾಕಬಾರದು ಎಂದು ಅಮೆರಿಕದ ಕೋರ್ಟ್ 1943ರ ಬಾರ್ನೆಟ್ ಪ್ರಕರಣದಲ್ಲಿ, ಅದೇ ಪಂಗಡದ ಮಕ್ಕಳು ರಾಷ್ಟ್ರಗೀತೆ ಹಾಡದೆ ಸುಮ್ಮನೆ ನಿಂತಿದ್ದಕ್ಕೆ ಹೊರಹಾಕಬಾರದು ಎಂದು ನಮ್ಮ ಸುಪ್ರೀಂ ಕೋರ್ಟ್ 1986ರ ಬಿಜೋ ಇಮ್ಯಾನ್ಯುಯಲ್ ಪ್ರಕರಣದಲ್ಲಿ ಹೇಳಿದವು.

ಮಕ್ಕಳು ಸಾಮಾನ್ಯವಾಗಿ ಮರೆಯುವ ಮಾತು: ಈ ಹಕ್ಕು ಸರ್ಕಾರದ ಎದುರು ಮಾತ್ರ. ಖಾಸಗಿ ಕಂಪನಿ ನೌಕರನ ಮಾತು ಹಿಡಿಸದೆ ಕೆಲಸದಿಂದ ತೆಗೆದರೆ ಮೊದಲ ತಿದ್ದುಪಡಿ ಅವನ ನೆರವಿಗೆ ಬರುವುದಿಲ್ಲ.

ಉತ್ತರ: ಗೋಣಿಕೊಪ್ಪ ಮತಗಟ್ಟೆ

ವಕೀಲರು ಹಕ್ಕಿನ ಮಾತು ಹೇಳಿದರು. ನಾನು ಹುದ್ದೆ ಮತ್ತು ಓಟಿನ ಮಾತಿಗೆ ಬರುತ್ತೇನೆ. ಅಮೆರಿಕದವರ ಮನಸ್ಸು ನಿಜವಾಗಿ ಗೊತ್ತಾಗುವುದು ಅವರ ಭಾಷಣಗಳಿಗಿಂತ ಅವರ ಮತಪತ್ರದಲ್ಲಿ.

ಮೊದಲು ಕೊಡಗನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 5,54,519. ಅಮೆರಿಕದ ವಯೋಮಿಂಗ್ ರಾಜ್ಯದ್ದು 2020ರಲ್ಲಿ 5,76,851. ಹೆಚ್ಚುಕಡಿಮೆ ಒಂದೇ. ನಮಗೆ ವಿಧಾನಸಭೆಯಲ್ಲಿ 2 ಸ್ಥಾನ, ಲೋಕಸಭೆಗೆ ಮೈಸೂರಿನ ಜೊತೆ ಸೇರಿ ಒಂದು. ವಯೋಮಿಂಗಿಗೆ ಸ್ವಂತ ಸಂವಿಧಾನ, ಗವರ್ನರ್, ರಾಜ್ಯ ಸುಪ್ರೀಂ ಕೋರ್ಟ್, ಮೇಲಾಗಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 2 ಸ್ಥಾನ. 3.95 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಅಷ್ಟೇ 2. ನಮ್ಮ ರಾಜ್ಯಸಭೆಯಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಂಗೆ 1.

ಕೊಡಗೂ ಒಂದು ಕಾಲಕ್ಕೆ ರಾಜ್ಯವಾಗಿತ್ತು: 'ಸಿ' ದರ್ಜೆಯ ರಾಜ್ಯ, 24 ಸದಸ್ಯರ ವಿಧಾನಸಭೆ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯಿಂದ ಆ ವರ್ಷದ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿತು. ನಮ್ಮ ಸಂವಿಧಾನದ 3ನೇ ವಿಧಿಯಂತೆ ಸಂಸತ್ತು ಸಾಮಾನ್ಯ ಬಹುಮತದಿಂದ ರಾಜ್ಯ ಮಾಡಬಹುದು, ಅಳಿಸಬಹುದು. ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ರಾಜ್ಯದ ಒಪ್ಪಿಗೆಯಿಲ್ಲದೆ ಅದರ ಗಡಿ ಮುಟ್ಟುವಂತಿಲ್ಲ, ಸೆನೆಟ್‌ನ ಅದರ ಸಮಪಾಲನ್ನು ಸಂವಿಧಾನ ತಿದ್ದುಪಡಿಯಿಂದಲೂ ಕಸಿಯುವಂತಿಲ್ಲ. ನಮ್ಮಲ್ಲಿ ರಾಜ್ಯಗಳು ಒಕ್ಕೂಟದಿಂದ ಹುಟ್ಟಿದವು, ಅವರಲ್ಲಿ ಒಕ್ಕೂಟ ರಾಜ್ಯಗಳಿಂದ ಹುಟ್ಟಿತು. ಇದು ತಲೆಗೆ ಹೋದರೆ "ಅಲ್ಲಿ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು ಏಕೆ" ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈಗ ಹುದ್ದೆಗಳು. ನಮ್ಮ ಜಿಲ್ಲೆಯಲ್ಲಿ ಡಿಸಿ, ಎಸ್‌ಪಿ, ಜಿಲ್ಲಾ ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು, ಡಿಡಿಪಿಐ ಇವರಲ್ಲಿ ಒಬ್ಬರನ್ನೂ ಜನ ಆರಿಸುವುದಿಲ್ಲ. ಮೇಲಿನಿಂದ ಬರುತ್ತಾರೆ, ವರ್ಗವಾದರೆ ಹೋಗುತ್ತಾರೆ. ಅಲ್ಲಿ ಜಿಲ್ಲೆಯಂಥ ಘಟಕ ಕೌಂಟಿ, 3,000ಕ್ಕೂ ಹೆಚ್ಚಿವೆ. ಬಹುತೇಕ ರಾಜ್ಯಗಳಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್, ಮೊಕದ್ದಮೆ ಹೂಡುವ ಡಿಸ್ಟ್ರಿಕ್ಟ್ ಅಟಾರ್ನಿ, ದಾಖಲೆ ಮತ್ತು ಚುನಾವಣೆ ನೋಡುವ ಕ್ಲರ್ಕ್, ಖಜಾಂಚಿ, ಕೌಂಟಿ ಮಂಡಳಿ, ಇಷ್ಟೂ ಚುನಾಯಿತ ಹುದ್ದೆಗಳು. ಹಲವೆಡೆ ಅನುಮಾನಾಸ್ಪದ ಸಾವಿನ ಕಾರಣ ತೀರ್ಮಾನಿಸುವ ಕೊರೊನರ್ ಕೂಡ. ಶಾಲಾ ಮಂಡಳಿಗೆ ಬೇರೆ ಚುನಾವಣೆ. ಸುಮಾರು 90,000 ಸ್ಥಳೀಯ ಸರ್ಕಾರಗಳು, ಸುಮಾರು 5 ಲಕ್ಷ ಚುನಾಯಿತರು. ಎಣಿಕೆಯಲ್ಲಿ ನಮ್ಮ ಪಂಚಾಯಿತಿ ಸದಸ್ಯರು 30 ಲಕ್ಷದ ಆಸುಪಾಸು, ಅವರಿಗಿಂತ ಬಹಳ ಹೆಚ್ಚು. ಆದರೆ ನಮ್ಮವರ ಕೈಯಲ್ಲಿ ಪೊಲೀಸ್ ಇಲ್ಲ, ಶಾಲೆಯ ಮೇಷ್ಟ್ರ ನೇಮಕ ಇಲ್ಲ, ತೆರಿಗೆಯೂ ಸ್ವಲ್ಪವೇ.

ಅಭ್ಯರ್ಥಿ ಯಾರು ಎನ್ನುವುದು ಇನ್ನೂ ದೊಡ್ಡ ವ್ಯತ್ಯಾಸ. ನಮ್ಮಲ್ಲಿ ಪಕ್ಷ ಬಿ ಫಾರಂ ಕೊಡದಿದ್ದರೆ ಚಿಹ್ನೆ ಇಲ್ಲ. ಟಿಕೆಟ್ ಹೈಕಮಾಂಡ್ ಕೈಯಲ್ಲಿ. ಗೆದ್ದ ಮೇಲೂ 1985ರ ಪಕ್ಷಾಂತರ ನಿಷೇಧ ಕಾನೂನಿನಿಂದಾಗಿ ವಿಪ್ (ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವ ಹೋಗಬಹುದು. ಅಲ್ಲಿ ಪ್ರೈಮರಿ ಎಂಬ ಒಳಚುನಾವಣೆಯಲ್ಲಿ ಸಾಮಾನ್ಯ ಮತದಾರರೇ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷದವನೆಂದು ನೋಂದಾಯಿಸಿಕೊಂಡವರಿಗೆ ಮಾತ್ರ ಅವಕಾಶ, ಕೆಲವೆಡೆ ಯಾರು ಬೇಕಾದರೂ. ವಿಪ್ ಇದ್ದರೂ ಅದಕ್ಕೆ ಸದಸ್ಯತ್ವ ಕಳೆಯುವ ಶಕ್ತಿ ಇಲ್ಲ. ಅದಕ್ಕೇ 2017ರ ಜುಲೈನಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ತಮ್ಮ ಪಕ್ಷದ್ದೇ ಆರೋಗ್ಯ ಮಸೂದೆಗೆ ಎದುರು ಮತ ಹಾಕಿ ಅದನ್ನು ಬೀಳಿಸಲು ಸಾಧ್ಯವಾಯಿತು, ಅವರ ಸ್ಥಾನಕ್ಕೆ ಏನೂ ಆಗಲಿಲ್ಲ.

ಇನ್ನು ಕೆಡುವುದು ಎಲ್ಲಿ. ಪ್ರೈಮರಿಗೆ ಬರುವ ಮತದಾರರು ಕಡಿಮೆ, ಬರುವವರಲ್ಲಿ ಪಕ್ಷದ ಕಟ್ಟಾಳುಗಳ ತೂಕ ಹೆಚ್ಚು. ಒಂದೇ ಪಕ್ಷ ಗಟ್ಟಿಯಾಗಿರುವ ಕ್ಷೇತ್ರದಲ್ಲಿ ಸದಸ್ಯನಿಗೆ ಎದುರು ಪಕ್ಷದ ಭಯವಿಲ್ಲ, ತನ್ನ ಪಕ್ಷದೊಳಗಿಂದ ತನಗಿಂತ ಕಟುವಾದವನು ಪ್ರೈಮರಿಗೆ ನಿಲ್ಲುವ ಭಯ. 2014ರಲ್ಲಿ ಕೆಳಮನೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ವರ್ಜೀನಿಯಾದಲ್ಲಿ ಹೀಗೇ ಸೋತರು. ರಾಜಿ ಮಾಡಿಕೊಂಡವನಿಗೆ ಶಿಕ್ಷೆ ಎಂಬ ಪಾಠವನ್ನು ಉಳಿದವರು ಬೇಗ ಕಲಿತರು. ಇದರ ಮೇಲೆ, ಬಹಳ ರಾಜ್ಯಗಳಲ್ಲಿ ಕ್ಷೇತ್ರದ ಗಡಿ ಎಳೆಯುವುದು ರಾಜ್ಯದ ಶಾಸಕಾಂಗವೇ, ಅಂದರೆ ಅಲ್ಲಿ ಬಹುಮತ ಇರುವ ಪಕ್ಷ. ನಮ್ಮ ಕ್ಷೇತ್ರ ಮರುವಿಂಗಡಣಾ ಆಯೋಗದಂಥ ದೇಶಮಟ್ಟದ ಸಂಸ್ಥೆ ಅವರಿಗಿಲ್ಲ. ಚುನಾವಣೆ ನಡೆಸುವ ನಮ್ಮ ಚುನಾವಣಾ ಆಯೋಗದಂಥದ್ದೂ ಇಲ್ಲ. ಫೆಡರಲ್ ಚುನಾವಣಾ ಆಯೋಗ ಎಂಬುದು ನೋಡುವುದು ಪ್ರಚಾರದ ಹಣವನ್ನು ಮಾತ್ರ. ಮತದಾನ ನಡೆಸುವುದು ಕೌಂಟಿ, ಪಟ್ಟಣಗಳು. ಉತ್ತರ ಡಕೋಟಾ ಬಿಟ್ಟು ಉಳಿದೆಡೆ ಮತದಾರರ ನೋಂದಣಿ ಬೇಕು, ಅದನ್ನು ನೋಡಿಕೊಳ್ಳುವ ಹೊಣೆ ಮುಖ್ಯವಾಗಿ ನಾಗರಿಕನದೇ. ಮನೆ ಬಾಗಿಲಿಗೆ ಬರುವ ಬಿಎಲ್‌ಒ ಅಲ್ಲಿಲ್ಲ. ಮತದಾನ 1845ರ ಕಾನೂನಿನಂತೆ ನವೆಂಬರಿನ ಮೊದಲ ಸೋಮವಾರದ ಮರುದಿನ, ಅದು ರಾಷ್ಟ್ರೀಯ ರಜೆಯೂ ಅಲ್ಲ. ಆಸ್ಟ್ರೇಲಿಯಾ 1924ರಿಂದ ಮತದಾನವನ್ನೇ ಕಡ್ಡಾಯ ಮಾಡಿ ಶೇ. 90ರ ಆಸುಪಾಸು ಮತದಾನ ಕಾಣುತ್ತದೆ. ಅಮೆರಿಕದವರಿಗೆ ಕಡ್ಡಾಯ ಎಂಬುದೇ ಸ್ವಾತಂತ್ರ್ಯಕ್ಕೆ ವಿರುದ್ಧ ಎನಿಸುತ್ತದೆ.

ನ್ಯಾಯಾಧೀಶರ ಚುನಾವಣೆಯ ತೊಂದರೆಗೆ ಒಂದೇ ಪ್ರಕರಣ ಸಾಕು. ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಕಂಪನಿಯೊಂದರ ಮುಖ್ಯಸ್ಥ ರಾಜ್ಯದ ಉನ್ನತ ನ್ಯಾಯಾಲಯದ ಅಭ್ಯರ್ಥಿಯೊಬ್ಬರಿಗಾಗಿ ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿದ. ಅವರು ಗೆದ್ದರು. ಆಮೇಲೆ ಆ ಕಂಪನಿಯ ಮೇಲ್ಮನವಿ ಅವರ ಪೀಠದ ಮುಂದೆಯೇ ಬಂತು, ತೀರ್ಪು ಕಂಪನಿಯ ಪರ ಆಯಿತು. ಅವರು ಹಿಂದೆ ಸರಿಯಬೇಕಿತ್ತು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು, ಅದೂ 5-4ರಲ್ಲಿ. ಟೆಕ್ಸಾಸಿನಲ್ಲಂತೂ ನ್ಯಾಯಾಧೀಶರ ಹೆಸರಿನ ಪಕ್ಕ ಪಕ್ಷದ ಹೆಸರೇ ಇರುತ್ತದೆ. ಫೆಡರಲ್ ನ್ಯಾಯಾಧೀಶರಿಗೆ ಇದು ಅನ್ವಯಿಸುವುದಿಲ್ಲ: ಅಧ್ಯಕ್ಷರ ನಾಮಕರಣ, ಸೆನೆಟ್ ಒಪ್ಪಿಗೆ, ಜೀವಾವಧಿ.

ಕುಶಾಲನಗರ ಉಪನ್ಯಾಸಕಿ

ಸರ್, ತುಂಬಾ ಧನ್ಯವಾದ. ವಯೋಮಿಂಗ್ ಹೋಲಿಕೆ ಮಕ್ಕಳಿಗೆ ಕೂಡಲೇ ಹತ್ತುತ್ತದೆ. ಒಂದು ಸಂದೇಹ: ಅಲ್ಲಿ ಊರವರೆಲ್ಲ ಸೇರುವ ಟೌನ್ ಮೀಟಿಂಗ್ ನಮ್ಮ ಗ್ರಾಮಸಭೆಯ ಥರವೇ ಅಲ್ಲವಾ?

ಉತ್ತರ: ಗೋಣಿಕೊಪ್ಪ ಮತಗಟ್ಟೆ

ಕೂರುವ ರೀತಿ ಒಂದೇ, ಕೈಯಲ್ಲಿರುವ ಅಧಿಕಾರ ಬೇರೆ. ವರ್ಮಾಂಟ್ ರಾಜ್ಯದಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಈ ಸಭೆ. ಕಾರ್ಯಸೂಚಿಯನ್ನು ಸಭೆಗೆ 30ರಿಂದ 40 ದಿನ ಮೊದಲೇ ಅಂಟಿಸಬೇಕು. ಶೇ. 5 ಮತದಾರರು ಸಹಿ ಹಾಕಿ ಕೊಟ್ಟರೆ ಅವರ ವಿಷಯವೂ ಅದರೊಳಗೆ ಸೇರುತ್ತದೆ. ಸಭೆ ನಡೆಸಲು ಜನರೇ ಒಬ್ಬರನ್ನು ಆರಿಸುತ್ತಾರೆ, ರಸ್ತೆಗೆ ಎಷ್ಟು, ಅಗ್ನಿಶಾಮಕಕ್ಕೆ ಎಷ್ಟು ಎಂದು ಬಜೆಟ್ಟಿಗೆ ಅಲ್ಲೇ ಮತ. ಆ ಬಜೆಟ್ ತುಂಬುವುದು ಅವರದೇ ಆಸ್ತಿ ತೆರಿಗೆಯಿಂದ. ಹೆಚ್ಚು ಕೇಳಿದರೆ ಹೆಚ್ಚು ಕಟ್ಟಬೇಕು, ಅದಕ್ಕೇ ಪ್ರತಿ ಸಾಲಿಗೂ ಜಗಳ. ನಮ್ಮ ಗ್ರಾಮಸಭೆ ಫಲಾನುಭವಿಗಳ ಆಯ್ಕೆ, ಕ್ರಿಯಾಯೋಜನೆಯ ಕಡೆ ಹೋಗುತ್ತದೆ. ಹಣದ ದೊಡ್ಡ ಪಾಲು ಹಣಕಾಸು ಆಯೋಗದ ಅನುದಾನ, ಉದ್ಯೋಗ ಖಾತರಿಯಂಥ ಯೋಜನೆಗಳಿಂದ ಮೇಲಿನಿಂದ ಬರುವಂಥದ್ದು. ಹಾಗಾಗಿ ಇಲ್ಲಿ "ನಮ್ಮೂರಿಗೆ ಏನು ಬಂತು" ಎಂದು ಕೇಳುತ್ತಾರೆ, ಅಲ್ಲಿ "ನನ್ನ ತೆರಿಗೆ ಎಷ್ಟು ಏರಿತು" ಎಂದು. ಈ ಒಂದು ಬೇರಿನಿಂದಲೇ ಎಷ್ಟೋ ಸ್ವಭಾವ ಚಿಗುರುತ್ತದೆ.

ಇದರ ಕೆಟ್ಟ ಮುಖ ಶಾಲೆ. ಶಾಲೆಯ ಹಣದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಸ್ಥಳೀಯ, ಅದರಲ್ಲಿ ಮುಖ್ಯವಾಗಿ ಆಸ್ತಿ ತೆರಿಗೆ. ದುಬಾರಿ ಮನೆಗಳ ಊರಿನ ಶಾಲೆಗೆ ಸುಲಭವಾಗಿ ಹಣ, ಬಡ ಊರಿಗೆ ತೆರಿಗೆ ದರ ಜಾಸ್ತಿ ಇಟ್ಟರೂ ಸಾಲದು. ಇದು ಸಮಾನತೆಗೆ ವಿರುದ್ಧ ಎಂಬ ವಾದವನ್ನು ಸುಪ್ರೀಂ ಕೋರ್ಟ್ 1973ರ ಸ್ಯಾನ್ ಆಂಟೋನಿಯೊ ಪ್ರಕರಣದಲ್ಲಿ ಒಪ್ಪಲಿಲ್ಲ. ಆಮೇಲೆ ಹಲವು ರಾಜ್ಯಗಳ ಕೋರ್ಟುಗಳು ತಮ್ಮ ರಾಜ್ಯ ಸಂವಿಧಾನದ ಆಧಾರದಲ್ಲಿ ಅಂತರ ತಗ್ಗಿಸಲು ಆದೇಶಿಸಿದವು.

ಉತ್ತರ: ಪಾಲಿಬೆಟ್ಟ ಕಾಫಿ ಬೆಳೆಗಾರ

ಆರೋಗ್ಯ ಮತ್ತು ದುಡಿಮೆಯ ಪ್ರಶ್ನೆಗೆ ಉತ್ತರಿಸುತ್ತೇನೆ. "ಅಮೆರಿಕದವರಿಗೆ ಕರುಣೆ ಇಲ್ಲ" ಎಂದು ಯಾವ ಮಗುವಿನ ಬಾಯಲ್ಲೂ ಬರಕೂಡದು, ಅದು ಸುಳ್ಳು.

ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2011ರ ಸಮೀಕ್ಷೆಯಲ್ಲಿ ಒಂದು ನೇರ ಪ್ರಶ್ನೆ ಇತ್ತು: ಸರ್ಕಾರದ ಹಸ್ತಕ್ಷೇಪವಿಲ್ಲದೆ ತನ್ನ ಗುರಿಯತ್ತ ಹೋಗುವ ಸ್ವಾತಂತ್ರ್ಯ ಮುಖ್ಯವೋ, ಯಾರಿಗೂ ಕೊರತೆಯಾಗದಂತೆ ಸರ್ಕಾರ ನೋಡಿಕೊಳ್ಳುವುದು ಮುಖ್ಯವೋ? ಅಮೆರಿಕದವರಲ್ಲಿ ಶೇ. 58 ಮೊದಲನೆಯದು, ಶೇ. 35 ಎರಡನೆಯದು. ಬ್ರಿಟನ್, ಫ್ರಾನ್ಸ್, ಜರ್ಮನಿ, ಸ್ಪೇನ್ ನಾಲ್ಕರಲ್ಲೂ ಬಹುಮತ ಎರಡನೆಯದಕ್ಕೆ. ಮೌಲ್ಯದ ವ್ಯತ್ಯಾಸ ಇದೆ, ಅನುಮಾನವಿಲ್ಲ.

ಆದರೆ ವಿಮೆಯ ವ್ಯವಸ್ಥೆ ಹೀಗಾಗಿದ್ದಕ್ಕೆ ಮೌಲ್ಯಕ್ಕಿಂತ ಯುದ್ಧಕಾಲದ ಒಂದು ನಿಯಮ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. 1942ರಲ್ಲಿ ಬೆಲೆಯೇರಿಕೆ ತಡೆಯಲು ಸಂಬಳ ಏರಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿತು. ಕಂಪನಿಗಳು ಆಳು ಹಿಡಿದಿಟ್ಟುಕೊಳ್ಳಲು ಸಂಬಳದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. ಆ ವಿಮೆಯ ಮೊತ್ತಕ್ಕೆ ತೆರಿಗೆ ಇಲ್ಲ ಎಂದು 1954ರಲ್ಲಿ ಕಾನೂನಾಯಿತು. ಅಲ್ಲಿಂದ ವಿಮೆ ಕೆಲಸಕ್ಕೆ ಕಟ್ಟಿಹಾಕಿಕೊಂಡಿತು. ಬ್ರಿಟನ್ 1948ರಲ್ಲಿ ಎಲ್ಲರಿಗೂ ಒಂದೇ ಆರೋಗ್ಯ ಸೇವೆ ತಂದಾಗ ಅಮೆರಿಕದ ಮಧ್ಯಮವರ್ಗಕ್ಕೆ ಅದರ ತುರ್ತು ಕಾಣಲಿಲ್ಲ, ಕಂಪನಿ ಕೊಡುತ್ತಿತ್ತಲ್ಲ. ಹೊರಗುಳಿದ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ 1965ರಲ್ಲಿ ಬಂದವು. ನಡುವೆ ಉಳಿದವರಿಗೆ 2010ರ ಆರೋಗ್ಯ ವಿಮಾ ಕಾಯ್ದೆ. ಅದರಲ್ಲೂ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಡಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದರಿಂದ ಕೆಲವು ರಾಜ್ಯ ಇನ್ನೂ ಹೊರಗಿವೆ. ಫಲ: ಕೆಲಸ ಹೋದರೆ ವಿಮೆಯೂ ಹೋಗುತ್ತದೆ, ಕಾಯಿಲೆ ಇದ್ದವನು ಕೆಲಸ ಬಿಡಲು ಹೆದರುತ್ತಾನೆ, ದೇಶದ ಉತ್ಪನ್ನದ ಶೇ. 17ಕ್ಕೂ ಹೆಚ್ಚು ಆರೋಗ್ಯಕ್ಕೇ ಖರ್ಚಾದರೂ ಕೋಟ್ಯಂತರ ಜನ ವಿಮೆಯಿಲ್ಲದೆ ಉಳಿದಿದ್ದಾರೆ. ತುರ್ತು ಚಿಕಿತ್ಸೆ ಮಾತ್ರ ಹಣವಿಲ್ಲ ಎಂದು ನಿರಾಕರಿಸುವಂತಿಲ್ಲ, 1986ರ ಕಾನೂನು ಅದನ್ನು ತಡೆಯುತ್ತದೆ. ಬಿಲ್ ಆಮೇಲೆ ಬಂದೇ ಬರುತ್ತದೆ.

ದುಡಿಮೆಯಲ್ಲಿ ನಮ್ಮ ಜಿಲ್ಲೆಗೆ ನೇರ ಹೋಲಿಕೆ ಇದೆ. 1951ರ ತೋಟ ಕಾರ್ಮಿಕರ ಕಾಯ್ದೆ ಲೈನ್ ಮನೆ, ಕುಡಿಯುವ ನೀರು, ಚಿಕಿತ್ಸೆ, 50 ಮಹಿಳಾ ಕಾರ್ಮಿಕರಿದ್ದರೆ ಶಿಶುವಿಹಾರ, ಇವನ್ನೆಲ್ಲ ಮಾಲೀಕರ ಹೊಣೆ ಮಾಡಿತು. ಅಮೆರಿಕದಲ್ಲಿ ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ಕಾನೂನು ಕೃಷಿ ಕಾರ್ಮಿಕರನ್ನು ಹೊರಗಿಟ್ಟಿತು, ಇಂದಿಗೂ ಹೊರಗಿದ್ದಾರೆ. ಕ್ಯಾಲಿಫೋರ್ನಿಯಾ 1975ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಹೆರಿಗೆ ರಜೆ ನಮ್ಮಲ್ಲಿ 2017ರಿಂದ ಸಂಬಳ ಸಹಿತ 26 ವಾರ. ಅಲ್ಲಿ 1993ರ ಫೆಡರಲ್ ಕಾನೂನಿನಂತೆ 12 ವಾರ, ಸಂಬಳವಿಲ್ಲ, ಅದೂ ಖಾಸಗಿ ಸಂಸ್ಥೆಯಲ್ಲಿ 50 ನೌಕರರಿದ್ದು, 12 ತಿಂಗಳಲ್ಲಿ 1,250 ಗಂಟೆ ದುಡಿದಿದ್ದರೆ. ಎದುರು ತಂಡ "ಕಾಗದದ ಮೇಲೆ ಇದ್ದರೆ ಸಾಕೇ, ಭಾರತದಲ್ಲಿ ಎಷ್ಟು ಹೆಂಗಸರಿಗೆ ಸಿಗುತ್ತದೆ" ಎಂದು ಕೇಳುತ್ತದೆ. ಅದು ನ್ಯಾಯವಾದ ಪ್ರಶ್ನೆ, ಅಸಂಘಟಿತ ವಲಯಕ್ಕೆ ಇದು ತಲುಪುವುದಿಲ್ಲ ಎಂದು ಮಕ್ಕಳು ಒಪ್ಪಿಕೊಂಡೇ ಮುಂದೆ ಹೋಗಲಿ.

ಉತ್ತರ: ಸೋಮವಾರಪೇಟೆ ಇತಿಹಾಸ ಮೇಷ್ಟ್ರು

ಧರ್ಮದ ಪ್ರಶ್ನೆ ಉಳಿದಿದೆ. ತಲಕಾವೇರಿ, ಭಾಗಮಂಡಲ ದೇವಸ್ಥಾನಗಳು ಮುಜರಾಯಿ ಇಲಾಖೆಗೆ ಸೇರಿವೆ. ಅಂಥ ಇಲಾಖೆ ಅಮೆರಿಕದಲ್ಲಿ ಸಾಧ್ಯವೇ ಇಲ್ಲ. ಸರ್ಕಾರ ಪೂಜಾಸ್ಥಳ ನಡೆಸುವಂತಿಲ್ಲ. 1962ರ ಏಂಗೆಲ್ ತೀರ್ಪಿನಿಂದ ಸರ್ಕಾರಿ ಶಾಲೆಯಲ್ಲಿ ಸರ್ಕಾರ ರಚಿಸಿದ ಪ್ರಾರ್ಥನೆಯೂ ನಿಂತಿತು. ಆದರೂ ನಾಣ್ಯದ ಮೇಲೆ ದೇವರಿದ್ದಾನೆ, ಧ್ವಜ ಪ್ರತಿಜ್ಞೆಯಲ್ಲಿ 1954ರಿಂದ ದೇವರಿದ್ದಾನೆ. ದೇವರಿಲ್ಲದ ಸೋವಿಯತ್ ಒಕ್ಕೂಟಕ್ಕಿಂತ ತಾವು ಬೇರೆ ಎಂದು ತೋರಿಸುವ ಕಾಲ ಅದು. ಇಂಗ್ಲೆಂಡಿನಲ್ಲಿ ಅಧಿಕೃತ ಚರ್ಚ್ ಇದೆ, 26 ಬಿಷಪ್ಪರು ಮೇಲ್ಮನೆಯಲ್ಲಿ ಕೂರುತ್ತಾರೆ; ಜರ್ಮನಿಯಲ್ಲಿ ಸರ್ಕಾರವೇ ಚರ್ಚ್ ತೆರಿಗೆ ವಸೂಲು ಮಾಡಿಕೊಡುತ್ತದೆ. ಆದರೆ ಧರ್ಮ ಬದುಕಿನಲ್ಲಿ ಬಹಳ ಮುಖ್ಯ ಎನ್ನುವವರು ಆ ಎರಡೂ ದೇಶಗಳಿಗಿಂತ ಅಮೆರಿಕದಲ್ಲಿ ಎಷ್ಟೋ ಹೆಚ್ಚು. ಸರ್ಕಾರದ ಆಸರೆ ಇಲ್ಲದ್ದರಿಂದ ಪಂಗಡಗಳು ಜನರನ್ನು ಸೆಳೆಯಲು ತಾವೇ ದುಡಿಯಬೇಕಾಯಿತು ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಮೇಲಿನ ಉತ್ತರಗಳಿಗೆ ಒಂದು ತಕರಾರು ಇದೆ. "ಅಮೆರಿಕದವರು" ಎಂದು ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕಿದ್ದೀರಿ. ಸರ್ಕಾರದ ಬಗ್ಗೆ ಅನುಮಾನ ಎಂಬುದು ಅಲ್ಲಿನ ಕರಿಯರಿಗೆ ಬೇರೆ ಅರ್ಥದ್ದು. ಅವರಿಗೆ ಸ್ಥಳೀಯ ಅಧಿಕಾರ ಎಂದರೆ ದಕ್ಷಿಣದ ಕೌಂಟಿ ಕ್ಲರ್ಕ್ ಓದುಬರಹದ ಪರೀಕ್ಷೆ ಒಡ್ಡಿ ಮತದಾರರ ಪಟ್ಟಿಯಿಂದ ಹೊರಗಿಟ್ಟದ್ದು; ಕಾಪಾಡಿದ್ದು ದೂರದ ಫೆಡರಲ್ ಸರ್ಕಾರ, 1965ರ ಮತದಾನ ಹಕ್ಕು ಕಾಯ್ದೆಯ ಮೂಲಕ. ಚುನಾವಣಾ ನಿಯಮ ಬದಲಿಸುವ ಮೊದಲು ಕೆಲವು ರಾಜ್ಯಗಳು ಕೇಂದ್ರದ ಅನುಮತಿ ಪಡೆಯಬೇಕು ಎಂಬ ಅದರ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ನಿಷ್ಕ್ರಿಯಗೊಳಿಸಿತು. ಮಹಿಳೆಯರಿಗೆ ದೇಶಾದ್ಯಂತ ಮತದ ಹಕ್ಕು 1920ರಲ್ಲಿ. ನಮ್ಮ ಗಣರಾಜ್ಯ ಮೊದಲ ಮಹಾಚುನಾವಣೆಯಲ್ಲೇ ಜಾತಿ, ಲಿಂಗ, ಅಕ್ಷರ ನೋಡದೆ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು. ಇದನ್ನು ಹೇಳದ ತಂಡ ನಮ್ಮ ದೇಶದ ಅತಿ ದೊಡ್ಡ ಸಾಧನೆಯನ್ನೇ ಬಿಟ್ಟಂತೆ.

ಕುಶಾಲನಗರ ಉಪನ್ಯಾಸಕಿ

ಮೇಷ್ಟ್ರೇ, ಈ ಭಾಗ ನಮ್ಮ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಒಬ್ಬರಿಗೆ 5 ನಿಮಿಷ, ತಂಡದಲ್ಲಿ ಇಬ್ಬರು. ಪರ, ವಿರೋಧ ಯಾವುದು ಬರುತ್ತದೋ ಚೀಟಿ ಎತ್ತಿದ ಮೇಲೇ ಗೊತ್ತು. ಹೇಗೆ ಹಂಚಲಿ?

ಉತ್ತರ: ವಿರಾಜಪೇಟೆ ವಕೀಲ

ಪರ ಬಂದರೆ ಮೊದಲ ವಿದ್ಯಾರ್ಥಿ ಪ್ರೈಮರಿ ಮತ್ತು ಮೆಕೇನ್ ಮತ ಹಿಡಿದು ಬಿ ಫಾರಂ, ವಿಪ್ ಜೊತೆ ಹೋಲಿಸಲಿ. ಎರಡನೆಯವರು ಮಾತಿನ ಸ್ವಾತಂತ್ರ್ಯ, ಬಾರ್ನೆಟ್, ಬಿಜೋ. ವಿರೋಧ ಬಂದರೆ ಒಬ್ಬರು ನ್ಯಾಯಾಧೀಶರ ಚುನಾವಣೆ ಮತ್ತು ಶಾಲಾ ತೆರಿಗೆ, ಇನ್ನೊಬ್ಬರು ಮೇಷ್ಟ್ರು ಹೇಳಿದ 1965ರ ಮತದಾನ ಹಕ್ಕು ಕಾಯ್ದೆ. ಕೋವಿಯನ್ನು ಭಾಷಣದಲ್ಲಿ ಎತ್ತಬೇಡಿ, ಎದುರು ತಂಡ ಎತ್ತೇ ಎತ್ತುತ್ತದೆ. ಆಗ ಅಧಿಸೂಚನೆಯ ವರ್ಷ ಮತ್ತು 41ನೇ ಕಲಂ ಹೇಳಿದರೆ ಮುಗಿಯಿತು. ಒಂದು ಮಾತಿಗೆ ಒಂದೇ ತೀರ್ಪು, ಒಂದೇ ಇಸವಿ. 5 ನಿಮಿಷಕ್ಕೆ 4 ಇಸವಿಗಿಂತ ಹೆಚ್ಚು ಬಂದರೆ ಕೇಳುವವರಿಗೆ ಒಂದೂ ಉಳಿಯುವುದಿಲ್ಲ.

ಎದುರು ತಂಡದಿಂದ ಬರುವ ಒಂದು ಪ್ರಶ್ನೆಗೆ ಈಗಲೇ ಉತ್ತರ ಕಲಿಸಿಡಿ: "ಅಲ್ಲಿ ಬಜೆಟ್ ಪಾಸಾಗದೆ ಸರ್ಕಾರಿ ಕಚೇರಿಗಳೇ ಮುಚ್ಚುತ್ತವಲ್ಲ, ಇದೂ ಮಾದರಿಯೇ?" 2018-19ರಲ್ಲಿ 35 ದಿನ ಹಾಗಾಯಿತು. ನಮ್ಮಲ್ಲಿ ಲೋಕಸಭೆ ಹಣಕಾಸು ಮಸೂದೆ ತಿರಸ್ಕರಿಸಿದರೆ ಸರ್ಕಾರ ಬೀಳುತ್ತದೆ, ಬೇರೆಯದು ಬರುತ್ತದೆ ಅಥವಾ ಚುನಾವಣೆ. ಅಲ್ಲಿ ಅಧ್ಯಕ್ಷರನ್ನೂ ಸಂಸತ್ತನ್ನೂ ಜನ ಬೇರೆ ಬೇರೆ ಆರಿಸಿ, ನಿಗದಿತ ಅವಧಿಗೆ ಕೂರಿಸಿದ್ದಾರೆ. ಅಧ್ಯಕ್ಷರು ಸಂಸತ್ತನ್ನು ವಿಸರ್ಜಿಸುವಂತಿಲ್ಲ, ಸಂಸತ್ತು ಅಧ್ಯಕ್ಷರನ್ನು ಅವಿಶ್ವಾಸದಿಂದ ಇಳಿಸುವಂತಿಲ್ಲ. ಇಬ್ಬರೂ ಹಟ ಹಿಡಿದರೆ ನಿಲ್ಲುವುದು ನೌಕರರ ಸಂಬಳ.